ಆರ್‌ಎಕ್ಸ್ 100: ಕ್ರ್ಯಾಂಕ್ ಸೀಲಿನಿಂದ ಮುಂದಿನ ಫೋರ್ಕಿನವರೆಗೆ, ಒಂದು ದುರಸ್ತಿಯ ದಾಖಲೆ

ಗಾಡಿ 1994ರ ಯಮಹಾ ಆರ್‌ಎಕ್ಸ್ 100. ಬೋರು (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕು (ಪಿಸ್ಟನ್ನಿನ ಓಟ) 50 ಮಿ.ಮೀ., 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ನಾಲ್ಕು ಗೇರು. ತೀರ್ಥಹಳ್ಳಿಯ ಸುತ್ತಮುತ್ತಲಿನ ತೋಟದ ದಾರಿಗಳು ಮತ್ತು ಪೇಟೆಗೆ ಹೋಗುವ ಡಾಂಬರು ರಸ್ತೆ, ಇಷ್ಟರಲ್ಲೇ ಅದರ ಓಡಾಟ. ಈ ಮಾದರಿಯ ತಯಾರಿಕೆ 1996ರಲ್ಲೇ ನಿಂತಿರುವುದರಿಂದ ಕಂಪನಿಯ ಅಸಲಿ ಬಿಡಿಭಾಗ ಸಿಗುವುದು ಅದೃಷ್ಟದ ಮಾತು. ಕೆಳಗೆ ಹೇಳಿರುವ ಬೆಲೆಗಳೆಲ್ಲ ಬೇರೆ ತಯಾರಕರ ಭಾಗಗಳವು.

ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ ಗಾಡಿಯ ಮೇಲೆ ಇದ್ದ ದೂರುಗಳು ಇವು. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಅದರ ವೇಗ ಬೇಗ ಇಳಿಯುತ್ತಿರಲಿಲ್ಲ. ಬೆಳಗಿನ ಬಿಳಿ ಹೊಗೆ ಮೈಲಿ ದಾಟಿದರೂ ನಿಲ್ಲುತ್ತಿರಲಿಲ್ಲ. ಗೇರ್ ಆಯಿಲ್ ಹೊರಗೆ ಎಲ್ಲೂ ಸೋರದೆ ಕಡಿಮೆಯಾಗುತ್ತಿತ್ತು. ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಸಿದರೆ ಒಳಗಿನಿಂದ ಮಂದವಾದ ಬಡಿತ ಕೇಳುತ್ತಿತ್ತು. ಮುಂದಿನ ಬ್ರೇಕ್ ಹಿಡಿದರೆ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದು ಏಟು ತಡೆಯುವ ಎರಡು ಕಾಲುಗಳು) ತಳಕ್ಕೆ ಬಡಿಯುತ್ತಿತ್ತು, ಅದರ ಎಡಗಾಲಿನ ಆಯಿಲ್ ಸೀಲ್ ಒಸರುತ್ತಿತ್ತು. ಕಾರ್ಬ್ಯುರೇಟರ್ ಬದಲಿಸಿ, ಫೋರ್ಕಿಗೆ ದಪ್ಪ ಎಣ್ಣೆ ಹಾಕಿ ಎಂಬುದು ಕೇಳಿದಲ್ಲೆಲ್ಲ ಸಿಕ್ಕ ಸಲಹೆ. ಹೇಗೂ ಎಂಜಿನ್ ಬಿಚ್ಚುತ್ತಿದ್ದೀರಿ, ಇದಕ್ಕಿಂತ ದೊಡ್ಡದಾದ ಆರ್‌ಎಕ್ಸ್ 135ರ ಸಿಲಿಂಡರ್ ಕೂರಿಸಿಬಿಡಿ ಎಂದವರೂ ಇದ್ದರು. ಬ್ರೇಕು ಹಳೆಯ ಡ್ರಮ್ಮೇ ಆಗಿರುವಾಗ ಎಂಜಿನ್ನಿನ ಶಕ್ತಿ ಹೆಚ್ಚಿಸುವುದರಲ್ಲಿ ನನಗೆ ಆಸಕ್ತಿ ಇರಲಿಲ್ಲ. ಏನನ್ನೂ ಕೊಳ್ಳುವ ಮೊದಲು ಅಳೆದು ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಎಂದು ಮಾಡಿಕೊಂಡೆ.

ಹಂತ 1: ಗಾಳಿ ಸೋರಿಕೆಯ ಪರೀಕ್ಷೆ

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ (ಪಿಸ್ಟನ್ನಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕ್ ಇರುವ ಪೆಟ್ಟಿಗೆ) ಗಾಳಿ ಹಿಡಿಯುತ್ತದೆಯೇ ಎಂಬುದು ಗೊತ್ತಾಗದೆ ಕಾರ್ಬ್ಯುರೇಟರ್ ಮುಟ್ಟುವುದರಲ್ಲಿ ಅರ್ಥವಿಲ್ಲ. ಇದಕ್ಕೆಂದೇ ಬರುವ ಪಂಪು ನನ್ನಲ್ಲಿರಲಿಲ್ಲ. ಮನೆಯಲ್ಲಿ ಮೂಲೆಗೆ ಬಿದ್ದಿದ್ದ ರಕ್ತದೊತ್ತಡ ನೋಡುವ ಸಾಧನದ ರಬ್ಬರ್ ಬಲ್ಬು ಮತ್ತು ಡಯಲು ಈ ಕೆಲಸಕ್ಕೆ ಚೆನ್ನಾಗಿ ಒದಗಿದವು. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಕವಚಕ್ಕೆ ಸಣ್ಣ ಹಿತ್ತಾಳೆ ಕೊಳವೆ ಬೆಸೆಸಿ, ಅದಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿದೆ. ಸೈಲೆನ್ಸರ್ ಮತ್ತು ಕಾರ್ಬ್ಯುರೇಟರ್ ಬಿಚ್ಚಿದ ಜಾಗಗಳಿಗೆ ಹಳೆಯ ಟ್ಯೂಬಿನ ರಬ್ಬರು ಇಟ್ಟು, ಮೇಲೆ ತಗಡಿನ ಪಟ್ಟಿ ಬಿಗಿದೆ. ಟೂಟಿ ಆಯಿಲ್ (ಪೆಟ್ರೋಲಿನ ಜೊತೆ ಎಂಜಿನ್ನಿನೊಳಗೆ ಹೋಗುವ ಎಣ್ಣೆ) ಬರುವ ಸಣ್ಣ ಪೈಪನ್ನೂ ಹಿಸುಕಿ ಮುಚ್ಚಬೇಕು, ಇಲ್ಲವಾದರೆ ಅಲ್ಲಿಂದ ಹೋಗುವ ಗಾಳಿಯನ್ನು ಕ್ರ್ಯಾಂಕಿನ ಎರಡು ಬದಿಯಲ್ಲಿರುವ ರಬ್ಬರ್ ಸೀಲಿನ ತಪ್ಪೆಂದು ತಿಳಿಯುವ ಸಾಧ್ಯತೆ ಇದೆ. ಪಿಸ್ಟನ್ ಕೆಳಕೊನೆಯಲ್ಲಿ ಇದ್ದರೆ ಟ್ರಾನ್ಸ್‌ಫರ್ ಪೋರ್ಟುಗಳು (ಕ್ರ್ಯಾಂಕ್‌ಕೇಸಿನಿಂದ ಸಿಲಿಂಡರಿಗೆ ಹೋಗುವ ಕಿಂಡಿಗಳು) ತೆರೆದಿದ್ದು, ಸಿಲಿಂಡರು ಮತ್ತು ಕ್ರ್ಯಾಂಕ್‌ಕೇಸು ಎರಡೂ ಒಟ್ಟಿಗೆ ಪರೀಕ್ಷೆಗೆ ಸಿಗುತ್ತವೆ.

ಡಯಲಿನಲ್ಲಿ 250ಕ್ಕೆ (ಪಾದರಸದ ಮಿ.ಮೀ.) ಏರಿಸಿದೆ. ಅದು ಸುಮಾರು 0.33 ಬಾರ್ ಒತ್ತಡ. ಇದಕ್ಕಿಂತ ಹೆಚ್ಚು ಏರಿಸಿದರೆ ಒಳ್ಳೆಯ ಸೀಲೂ ಜಾಗ ಬಿಟ್ಟು ಹೊರಬರಬಹುದು. ಮುಳ್ಳು ನಿಲ್ಲಲೇ ಇಲ್ಲ, ಕಣ್ಣೆದುರಿಗೇ ಸೊನ್ನೆಗೆ ಇಳಿಯಿತು. ಎಡಬದಿಯಲ್ಲಿ ಮ್ಯಾಗ್ನೆಟ್ ತೆಗೆದು ಸೋಪಿನ ನೀರು ಹಚ್ಚಿದಾಗ ಸೀಲಿನ ತುಟಿಯ ಸುತ್ತ ಸಣ್ಣ ಗುಳ್ಳೆಗಳು ಎದ್ದವು. ಬಲಬದಿಯ ಸೀಲು ಕ್ಲಚ್ಚಿನ ಹಿಂದೆ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಗೇರ್ ಆಯಿಲ್ ಹಾಕುವ ರಂಧ್ರದ ಬಾಯಿಗೆ ಸೋಪಿನ ಪೊರೆ ಎಳೆದು ಮತ್ತೆ ಬಲ್ಬು ಒತ್ತಿದಾಗ ಆ ಪೊರೆ ಉಬ್ಬಿ, ಒಡೆದು, ಮತ್ತೆ ಎಳೆದರೆ ಮತ್ತೆ ಉಬ್ಬಿತು. ಎಡಗಡೆಯ ಸೀಲಿನಿಂದ ಗಾಳಿ ಒಳಗೆ ಹೋಗಿ ಪೆಟ್ರೋಲು-ಗಾಳಿಯ ಮಿಶ್ರಣ ತೆಳ್ಳಗಾಗುತ್ತಿತ್ತು, ಹಾಗಾಗಿ ವೇಗ ಇಳಿಯುತ್ತಿರಲಿಲ್ಲ. ಬಲಗಡೆಯದರಿಂದ ಗೇರ್ ಆಯಿಲ್ ಒಳಗೆ ಹೋಗಿ ಹೊಗೆಯಾಗುತ್ತಿತ್ತು. ಕಾರ್ಬ್ಯುರೇಟರಿಗೆ ಸಂಬಂಧವೇ ಇರಲಿಲ್ಲ.

ಹಂತ 2: ಎಂಜಿನ್ ಬಿಚ್ಚಿದ್ದು

ಮ್ಯಾಗ್ನೆಟ್ ಕಾಯಿಲ್ ಪ್ಲೇಟಿನ ಮೇಲೂ ಕೇಸಿನ ಮೇಲೂ ಒಂದೇ ಗೆರೆ ಬರುವಂತೆ ಚಾಣದಿಂದ ಗುರುತು ಮಾಡಿ ಆಮೇಲೆ ಪ್ಲೇಟು ತೆಗೆದೆ. ಹೆಡ್ಡಿನ ನಟ್ಟುಗಳನ್ನು ಕರ್ಣ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಸಿಲಿಂಡರ್ ಎತ್ತಿದೆ. ಎಕ್ಸಾಸ್ಟ್ ಪೋರ್ಟಿನ ಮೂರರಲ್ಲಿ ಒಂದು ಭಾಗದಷ್ಟು ಇದ್ದಿಲು ಕಟ್ಟಿತ್ತು. ಮರದ ಚಕ್ಕೆಯಿಂದ ಕೆರೆದರೆ ಬರುತ್ತದೆ, ಸ್ಕ್ರೂಡ್ರೈವರ್ ಬೇಡ. ರೀಡ್ ವಾಲ್ವಿನ (ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ಕವಾಟ) ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಸಂದು ಕಾಣಲಿಲ್ಲ, ಆದ್ದರಿಂದ ಅದನ್ನು ತೊಳೆದು ಹಾಗೆಯೇ ಇಟ್ಟುಕೊಂಡೆ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡನ್ನು ಮೇಲುಕೊನೆಗೆ ತಂದು ಅದರ ತುದಿಯನ್ನು ಅಕ್ಕಪಕ್ಕಕ್ಕೆ ಅಲುಗಿಸಿ ಡಯಲ್ ಗೇಜಿನಲ್ಲಿ ನೋಡಿದಾಗ 2.6 ಮಿ.ಮೀ. ಬಂತು. ಇದಕ್ಕೆ 2 ಮಿ.ಮೀ. ಮಿತಿ. ಅಕ್ಕಪಕ್ಕದ ಅಲುಗಾಟ ಸ್ವಲ್ಪ ಇರಲೇಬೇಕು, ಆದರೆ ಮೇಲೆ ಕೆಳಗೆ ಎಳೆದಾಗ ಏನೂ ಇರಬಾರದು. ಇಲ್ಲಿ ಎಳೆದಾಗ ಬೆರಳಿಗೆ ಟಕ್ ಎಂದು ತಿಳಿಯುತ್ತಿತ್ತು. ಏರಿನಲ್ಲಿ ಕೇಳುತ್ತಿದ್ದ ಬಡಿತ ಇದರದ್ದೇ. ಬರೀ ಸೀಲು ಬದಲಿಸಿ ಮುಗಿಸಬಹುದಾಗಿದ್ದ ಕೆಲಸ ಇಲ್ಲಿಗೆ ಪೂರ್ತಿ ಎಂಜಿನ್ನಿನ ಕೆಲಸವಾಯಿತು.

ಕ್ರ್ಯಾಂಕಿನಿಂದ ಕ್ಲಚ್ಚನ್ನು ತಿರುಗಿಸುವ ಪ್ರೈಮರಿ ಗೇರಿನ ನಟ್ಟು ಬಿಚ್ಚುವಾಗ ಎರಡು ಗೇರುಗಳ ಹಲ್ಲಿನ ನಡುವೆ ಮಡಿಸಿದ ಚರ್ಮದ ತುಂಡು ಇಟ್ಟೆ. ತಾಮ್ರದ ವಾಷರ್ ಆದರೂ ಆದೀತು, ಉಕ್ಕಿನದು ಯಾವುದೂ ಸಲ್ಲದು. ಕೇಸಿನ ಎರಡು ಹೋಳುಗಳನ್ನು ಬಿಡಿಸಲು ಜೋಡಣೆಯ ಮುಖಕ್ಕೆ ಉಳಿ ಅಥವಾ ಸ್ಕ್ರೂಡ್ರೈವರ್ ತೂರಿಸಿದರೆ ಆ ಗಾಯದಿಂದಲೇ ಮುಂದೆ ಗಾಳಿ ಸೋರುತ್ತದೆ. ನನ್ನ ಕೇಸಿನಲ್ಲಿ ಹಿಂದೊಮ್ಮೆ ಯಾರೋ ಹಾಗೆ ಮಾಡಿದ್ದ ಎರಡು ಗೀರುಗಳಿದ್ದವು. ಗಾಜಿನ ಮೇಲೆ ಸಾಣೆ ಕಾಗದ ಹಾಸಿ, ಎದ್ದ ಅಂಚನ್ನು ಮಾತ್ರ ನಯಗೊಳಿಸಿ, ಜೋಡಿಸುವಾಗ ತೆಳುವಾಗಿ ಸೀಲಂಟ್ ಬಳಸಿದೆ.

ಹಂತ 3: ಕ್ರ್ಯಾಂಕ್

ಈ ಎಂಜಿನ್ನಿನ ಕ್ರ್ಯಾಂಕ್ ಒತ್ತಿ ಜೋಡಿಸಿದ ಬಗೆಯದು. ಪಿನ್ನನ್ನು ಪ್ರೆಸ್ಸಿನಲ್ಲಿ ಹೊರಗೆ ದೂಡಿ, ಹೊಸ ರಾಡು, ಪಿನ್ನು, ರೋಲರ್ ಬೇರಿಂಗು, ವಾಷರುಗಳನ್ನು ಹಾಕಿ, ಮತ್ತೆ ಒತ್ತಿ, ಕೊನೆಗೆ ಎರಡು ಬದಿಯ ಶಾಫ್ಟುಗಳೂ ಒಂದೇ ನೇರದಲ್ಲಿ ಬರುವಂತೆ ತಟ್ಟಿ ಸರಿಪಡಿಸಬೇಕು. ಮನೆಯಲ್ಲಿ ಆಗುವ ಕೆಲಸವಲ್ಲ. ಶಿವಮೊಗ್ಗದ ಒಂದು ಲೇತ್ ಅಂಗಡಿಗೆ ಕೊಟ್ಟೆ. ರಾಡ್ ಕಿಟ್ 1,100 ರೂಪಾಯಿ, ಕೂಲಿ 600.

ವಾಪಸು ಬಂದ ಕ್ರ್ಯಾಂಕನ್ನು ಎರಡು ವಿ-ಬ್ಲಾಕುಗಳ ಮೇಲೆ ಮಲಗಿಸಿ ತಿರುಗಿಸಿ ನೋಡಿದಾಗ ಡಯಲ್ ಗೇಜ್ 0.07 ಮಿ.ಮೀ. ಓಲಾಟ ತೋರಿಸಿತು. 0.03 ದಾಟಬಾರದು. ಅಂಗಡಿಯವರು ಮೊದಲು, ಎರಡು ಸ್ಟ್ರೋಕಿನ ಗಾಡಿಗೆ ಇಷ್ಟೆಲ್ಲ ನೋಡುವುದಿಲ್ಲ ಎಂದರು. ಗೇಜನ್ನು ಅಲ್ಲಿಗೇ ಒಯ್ದು, ಅವರ ಬೆಂಚಿನ ಮೇಲೆಯೇ ಮುಳ್ಳು ಓಡುವುದನ್ನು ತೋರಿಸಿದ ಮೇಲೆ ತಾಮ್ರದ ಸುತ್ತಿಗೆ ಹಿಡಿದು ಕುಳಿತರು, 0.02ಕ್ಕೆ ಬಂತು. ಸೀಲು ಎಷ್ಟೇ ಹೊಸದಿರಲಿ, ಶಾಫ್ಟು ಓಲಾಡಿದರೆ ಅದರ ತುಟಿ ಬೇಗ ಸವೆಯುತ್ತದೆ. ಹಾಗಾಗಿ ಇಡೀ ಎಂಜಿನ್ ಕೆಲಸದಲ್ಲಿ ಬಿಟ್ಟುಕೊಡಬಾರದ ಅಳತೆ ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ, ಬೋರಿನದನ್ನಲ್ಲ.

ಮುಖ್ಯ ಬೇರಿಂಗುಗಳು ಎರಡಕ್ಕೆ 700 ರೂಪಾಯಿ, ಸಿ3 ಸಡಿಲಿಕೆಯವು, ಅಂದರೆ ಒಳಗೆ ಸಾಮಾನ್ಯಕ್ಕಿಂತ ತುಸು ಹೆಚ್ಚು ಸಡಿಲ ಇರುವವು. ರಾತ್ರಿಯಿಡೀ ಫ್ರೀಜರಿನಲ್ಲಿ ಇಟ್ಟು, ಬೆಳಿಗ್ಗೆ ಕೇಸನ್ನು ನೀರಿನ ಹನಿ ಬಿದ್ದರೆ ಚುರ್ ಎನ್ನುವಷ್ಟು ಹೀಟ್ ಗನ್ನಿನಿಂದ ಬಿಸಿ ಮಾಡಿದಾಗ ಸುತ್ತಿಗೆ ಮುಟ್ಟದೆಯೇ ಇಳಿದು ಕುಳಿತವು.

ಹಂತ 4: ಬೋರು ಮತ್ತು ಪಿಸ್ಟನ್

ಸಿಲಿಂಡರು ಹಿಂದೆಯೇ 0.50 ಓವರ್‌ಸೈಜಿಗೆ ಹೋಗಿತ್ತು, ಅಂದರೆ ಸವೆತ ತೆಗೆಯಲು ಬೋರನ್ನು ಅರ್ಧ ಮಿ.ಮೀ. ಅಗಲ ಮಾಡಲಾಗಿತ್ತು. ಬೋರ್ ಗೇಜಿನಲ್ಲಿ ಮೇಲುಗಡೆ 50.61, ಕೆಳಗಡೆ 50.53 ಬಂತು, ಅಂದರೆ 0.08ರಷ್ಟು ಇಳಿಜಾರು. ಮುಂದಿನ ಅಳತೆ 0.75, ಅದಾದ ಮೇಲೆ 1.00 ಮಾತ್ರ ಉಳಿಯುತ್ತದೆ. ಪಿಸ್ಟನ್ನನ್ನು ಮೊದಲು ಕೊಂಡು (ರಿಂಗು, ಪಿನ್ನು ಸೇರಿ 900 ರೂಪಾಯಿ), ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗ) ಕೆಳ ಅಂಚಿಗಿಂತ ತುಸು ಮೇಲೆ ಮೈಕ್ರೋಮೀಟರ್ ಇಟ್ಟಾಗ 50.71 ಬಂತು. ಪಿಸ್ಟನ್ ಡಬ್ಬಿಯ ಮೇಲೆ ಅಚ್ಚಾದ ಅಳತೆಗೆ ಬೋರು ಮಾಡಿಸದೆ, ಕೈಯಲ್ಲಿರುವ ಪಿಸ್ಟನ್ನಿಗೆ 0.04 ಸಂದು ಬಿಟ್ಟು 50.75ಕ್ಕೆ ಹೋನಿಂಗ್ (ಸಾಣೆಕಲ್ಲಿನಿಂದ ಮಾಡುವ ಕೊನೆಯ ನಯಗೆಲಸ) ಮುಗಿಸಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ. 450 ರೂಪಾಯಿ. ಈಗ ಎಂಜಿನ್ 101 ಸಿಸಿ.

ಬೋರು ಅಳತೆಗೆ ಸರಿಯಾಗಿ ಬಂದಿತ್ತು, ಆದರೆ ಪೋರ್ಟುಗಳ ಅಂಚು ಬ್ಲೇಡಿನಂತೆ ಹರಿತವಾಗಿದ್ದು, ಚೇಂಫರ್ ಮಾಡಿ ಅಂಚನ್ನು ಓರೆಯಾಗಿಸಿರಲಿಲ್ಲ. ಹಾಗೆಯೇ ಜೋಡಿಸಿದ್ದರೆ ರಿಂಗು ಆ ಅಂಚಿಗೆ ಸಿಕ್ಕಿ ಮುರಿಯುವ ಅಪಾಯವಿತ್ತು. ಸಣ್ಣ ಅರ್ಧಗೋಲ ಅರದಿಂದ ಪ್ರತಿ ಪೋರ್ಟಿನ ಮೇಲಂಚು ಕೆಳಂಚುಗಳನ್ನು ಸುಮಾರು ಅರ್ಧ ಮಿ.ಮೀ. ಉಜ್ಜಿ, 400ರ ಕಾಗದದಿಂದ ನಯ ಮಾಡಿದೆ. ಆಮೇಲೆ ಬಿಸಿನೀರು ಮತ್ತು ಸೋಪಿನಿಂದ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಬಾರದಷ್ಟು ತೊಳೆದು, ಕೂಡಲೇ ಟೂಟಿ ಆಯಿಲ್ ಸವರಿದೆ. ಮಲೆನಾಡಿನ ತೇವದಲ್ಲಿ ಒಂದು ಗಂಟೆ ಬಿಟ್ಟರೂ ಹೊಸ ಬೋರಿಗೆ ತುಕ್ಕು ಬರುತ್ತದೆ.

ರಿಂಗುಗಳನ್ನು ಬೋರಿನೊಳಗೆ ಪಿಸ್ಟನ್ನಿನ ತಲೆಯಿಂದ ನೇರವಾಗಿ ದೂಡಿ, ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ (ಗೊತ್ತಾದ ದಪ್ಪದ ತೆಳು ಉಕ್ಕಿನ ಪಟ್ಟಿಗಳು) ನೋಡಿದೆ. ಮೇಲಿನದು 0.22, ಎರಡನೆಯದು 0.14. ಎರಡನೆಯದನ್ನು ಎಣ್ಣೆಕಲ್ಲಿನಲ್ಲಿ ತಿಕ್ಕಿ 0.20ಕ್ಕೆ ತಂದೆ.

ಹಂತ 5: ಜೋಡಣೆ, ಮೊದಲ ಚಾಲನೆ

ಪಿಸ್ಟನ್ನಿನ ಬಾಣ ಎಕ್ಸಾಸ್ಟ್ ಕಡೆಗೆ. ರಿಂಗಿನ ಬಾಯಿಗಳು ಕಾಲುವೆಯಲ್ಲಿರುವ ಪುಟ್ಟ ಪಿನ್ನುಗಳಿಗೆ ಸರಿಯಾಗಿ. ಪಿನ್ನಿನ ಕ್ಲಿಪ್ಪುಗಳು ಹೊಸವು, ಅವುಗಳ ಬಾಯಿ ಮೇಲಕ್ಕೆ ಅಥವಾ ಕೆಳಕ್ಕೆ. ಸೀಲ್ ಸೆಟ್ 250, ಗ್ಯಾಸ್ಕೆಟ್ ಸೆಟ್ 200. ಸಿಲಿಂಡರ್ ಕೂರಿಸಿದ ಮೇಲೆ ಗಾಳಿ ಪರೀಕ್ಷೆಯನ್ನು ಮತ್ತೆ ಮಾಡಿದೆ. 250ರಲ್ಲಿ ನಿಲ್ಲಿಸಿದ ಮುಳ್ಳು ಐದು ನಿಮಿಷದ ನಂತರ 235ರಲ್ಲಿತ್ತು. ಅಷ್ಟು ಸಾಕು.

ಟೂಟಿ ಪಂಪಿನ ಗಾಳಿಯನ್ನು, ಪಾರದರ್ಶಕ ಪೈಪಿನಲ್ಲಿ ಒಂದು ಗುಳ್ಳೆಯೂ ಕಾಣದವರೆಗೆ ಹೊರಗೆ ಬಿಟ್ಟೆ. ಆದರೂ ಮೊದಲ ಟ್ಯಾಂಕು ಪೆಟ್ರೋಲಿಗೆ ಲೀಟರಿಗೆ 20 ಮಿ.ಲೀ. ಟೂಟಿ ಆಯಿಲನ್ನು ಬೇರೆಯಾಗಿ ಬೆರೆಸಿದೆ. ಹೊಗೆ ಬಂದರೆ ಬರಲಿ, ಹೊಸ ಬೋರಿನ ವಿಷಯದಲ್ಲಿ ಪಂಪನ್ನೊಂದೇ ನಂಬಿ ಕೂರಲಾರೆ. ಎರಡನೇ ಕಿಕ್ಕಿಗೆ ಎಂಜಿನ್ ಹಿಡಿಯಿತು. ಆಕ್ಸಿಲರೇಟರ್ ಬಿಟ್ಟೊಡನೆ ವೇಗ ಇಳಿದು ನಿಂತಿತು. ಕಾರ್ಬ್ಯುರೇಟರ್ ಹಳೆಯದೇ, ಅದರಲ್ಲಿ ಪೆಟ್ರೋಲಿನ ಪ್ರಮಾಣ ನಿಗದಿ ಮಾಡುವ ಜೆಟ್ಟುಗಳೂ ಹಳೆಯವೇ.

ಹಂತ 6: ಫೋರ್ಕ್ ಬಿಚ್ಚುವ ಮೊದಲಿನ ಅಳತೆ

ಫೋರ್ಕಿನ ವಿಷಯದಲ್ಲಿ ಎಲ್ಲರೂ ನೇರವಾಗಿ ಎಣ್ಣೆಗೆ ಹೋಗುತ್ತಾರೆ. ಮಳೆಗಾಲಕ್ಕೆ ಮುಂಚೆ ನಾನೂ 20ಡಬ್ಲ್ಯು40 ಎಂಜಿನ್ ಆಯಿಲ್ ತುಂಬಿ ನೋಡಿದ್ದೆ. ತಳಕ್ಕೆ ಬಡಿಯುವುದು ಕಡಿಮೆಯಾಯಿತು ನಿಜ. ಆದರೆ ಸಾಲಾಗಿ ಸಣ್ಣ ಗುಂಡಿಗಳು ಬಂದಾಗ ಫೋರ್ಕು ಮೇಲೇಳುವಷ್ಟರಲ್ಲಿ ಮುಂದಿನ ಗುಂಡಿ ಬಂದಿರುತ್ತಿತ್ತು, ಹೀಗೆ ಇಳಿಯುತ್ತಾ ಇಳಿಯುತ್ತಾ ಹೋಗಿ ಕೊನೆಗೆ ಹ್ಯಾಂಡಲ್ಲು ಅಂಗೈಗೆ ಗುದ್ದುತ್ತಿತ್ತು.

ಈ ಸಲ ಅಳತೆಯಿಂದ ಶುರು ಮಾಡಿದೆ. ಮುಂದಿನ ಚಕ್ರ ನೆಲ ಬಿಟ್ಟಿರುವಾಗ ಡಸ್ಟ್ ಸೀಲಿನ ಮೇಲಂಚಿನಿಂದ ಕೆಳಗಿನ ಬ್ರಾಕೆಟ್ಟಿನವರೆಗೆ ಎಷ್ಟಿದೆ ಎಂದು ಬರೆದುಕೊಂಡೆ. ನಂತರ ಸೀಟಿನ ಮೇಲೆ ಕುಳಿತು (ನನ್ನ ತೂಕ 72 ಕಿಲೋ), ಇನ್ನೊಬ್ಬರಿಂದ ಹ್ಯಾಂಡಲ್ಲನ್ನು ಕೆಳಕ್ಕೆ ಒತ್ತಿಸಿ ನಿಧಾನವಾಗಿ ಬಿಡಿಸಿದಾಗ ಫೋರ್ಕು 54 ಮಿ.ಮೀ. ಇಳಿದು ನಿಂತಿತ್ತು, ಮೇಲಕ್ಕೆತ್ತಿಸಿ ನಿಧಾನವಾಗಿ ಬಿಡಿಸಿದಾಗ 40 ಮಾತ್ರ. ಸರಾಸರಿ 47. ಸ್ಪ್ರಿಂಗು ತೆಗೆದು ನೋಡಿದ ಪೂರ್ತಿ ಓಟ ಹನ್ನೊಂದು ಸೆಂಟಿಮೀಟರಿನ ಆಸುಪಾಸು. ಅದರ ಮೂರನೇ ಒಂದರಷ್ಟು, ಎಂದರೆ 36ರ ಹತ್ತಿರ ಇಳಿದರೆ ಸರಿ. ಸರಾಸರಿಗಿಂತ ನನ್ನ ಗಮನ ಸೆಳೆದದ್ದು 54 ಮತ್ತು 40ರ ನಡುವಿನ 14 ಮಿ.ಮೀ. ವ್ಯತ್ಯಾಸ. ಒಂದೇ ತೂಕಕ್ಕೆ ಫೋರ್ಕು ಎರಡು ಬೇರೆ ಜಾಗಗಳಲ್ಲಿ ನಿಲ್ಲುತ್ತದೆ ಎಂದರೆ ಅದು ಒಳಗೆಲ್ಲೋ ಹಿಡಿದುಕೊಳ್ಳುತ್ತಿದೆ. ಅದನ್ನು ಬಿಡಿಸದೆ ಎಣ್ಣೆ, ಸ್ಪ್ರಿಂಗು ಏನು ಹಾಕಿದರೂ ಪರಿಣಾಮ ತಿಳಿಯುವುದಿಲ್ಲ.

ಹಂತ 7: ಹಿಡಿತ ಬಿಡಿಸಿದ್ದು

ಫೋರ್ಕಿನ ಕಾಲಿನ ತಳದಲ್ಲಿರುವ ಅಲೆನ್ ಬೋಲ್ಟು ತಿರುಗಿಸಿದರೆ ಒಳಗಿನ ಡ್ಯಾಂಪರ್ ರಾಡೂ (ಎಣ್ಣೆಯ ಓಟ ತಡೆದು ತೂಗಾಟ ತಗ್ಗಿಸುವ ಸರಳು) ಜೊತೆಗೇ ತಿರುಗುತ್ತದೆ. ಬಲಗಾಲಿನಲ್ಲಿ ಸ್ಪ್ರಿಂಗು ಒತ್ತಿ ಹಿಡಿದು ಬಿಚ್ಚಿದಾಗ ಬಂತು, ಎಡಗಾಲಿನದು ಬರಲಿಲ್ಲ. ಅಡಿಕೆ ದಬ್ಬೆಯ ಉದ್ದನೆಯ ತುಂಡೊಂದರ ತುದಿಯನ್ನು ಚೂಪಾಗಿ ಕೆತ್ತಿ, ಮೇಲಿನಿಂದ ಇಳಿಸಿ, ಡ್ಯಾಂಪರ್ ರಾಡಿನ ತಲೆಯೊಳಕ್ಕೆ ಬಲವಾಗಿ ಒತ್ತಿ ಹಿಡಿದಾಗ ಅದರ ನಾರು ಕಚ್ಚಿಕೊಂಡು ಬೋಲ್ಟು ಸಡಿಲವಾಯಿತು.

ಪೈಪುಗಳನ್ನು ವಿ-ಬ್ಲಾಕಿನ ಮೇಲೆ ತಿರುಗಿಸಿದಾಗ ಬಲಗಡೆಯದು 0.05, ಎಡಗಡೆಯದು 0.60. ಓಲಾಟ 0.60 ಎಂದರೆ ಬಾಗು ಅದರ ಅರ್ಧ. ಪ್ರೆಸ್ಸಿನಲ್ಲಿ ನೇರ ಮಾಡಿಸಲು 400 ರೂಪಾಯಿ ತೆಗೆದುಕೊಂಡರು, 0.08ಕ್ಕೆ ಬಂತು. ಎಡ ಪೈಪಿನಲ್ಲಿ ಸೀಲು ಓಡಾಡುವ ಜಾಗದಲ್ಲಿ ಕ್ರೋಮ್ ಎದ್ದ ತುಕ್ಕಿನ ಚುಕ್ಕೆಗಳಿದ್ದವು. ಅಂಚುಗಳನ್ನು 1500ರ ಕಾಗದದಿಂದ ಎಣ್ಣೆ ಹಾಕಿ ಉಜ್ಜಿ, ಗುಳಿಗಳಿಗೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ಸಮ ಮಾಡಿದೆ. ಇದು ಶಾಶ್ವತ ಪರಿಹಾರವಲ್ಲ. ಹಾರ್ಡ್ ಕ್ರೋಮ್ ಮಾಡಿಸುವುದೇ ಸರಿಯಾದ ದಾರಿ, ಆದರೆ ಅದಕ್ಕೆ ಪೈಪನ್ನು ಬೆಂಗಳೂರಿಗೆ ಕಳಿಸಬೇಕಿತ್ತು.

ಸೀಲು ಇಳಿಸುವಾಗ ಪೈಪಿನ ಮೇಲಂಚಿಗೆ ನಂದಿನಿ ಹಾಲಿನ ಕವರನ್ನು ಸುತ್ತಿ, ಎಣ್ಣೆ ಸವರಿ ಜಾರಿಸಿದೆ. ಅಂಚಿನ ಹರಿತ ಸೀಲಿನ ತುಟಿಗೆ ತಾಗುವುದಿಲ್ಲ. ಸೀಲುಗಳು 220 ರೂಪಾಯಿ.

ಹ್ಯಾಂಡಲ್ಲು ತಿರುಗುವ ಬೇರಿಂಗಾದ ಕೋನ್ ಸೆಟ್ಟಿನಲ್ಲಿ, ಚಕ್ರ ನೇರವಾಗಿರುವಾಗ ಗುಂಡುಗಳು ಕೂರುವ ಜಾಗಗಳಲ್ಲಿ ಉಗುರಿಗೆ ತಿಳಿಯುವಷ್ಟು ಗುಳಿಗಳು ಬಿದ್ದಿದ್ದವು. ಹೊಸ ಸೆಟ್ 380.

ಆಮೇಲಿನದು ಖರ್ಚಿಲ್ಲದ ಕೆಲಸ, ಆದರೆ ಫಲ ಕೊಟ್ಟದ್ದು ಅದೇ. ಎರಡೂ ಪೈಪುಗಳನ್ನು ಬ್ರಾಕೆಟ್ಟಿಗೆ ಹಾಕಿ, ಕಾಲುಗಳನ್ನು ಜೋಡಿಸುವ ಮೊದಲು, ಎರಡರ ಮುಂಭಾಗಕ್ಕೂ ತಾಗುವಂತೆ ಅಂಗೈಯಗಲದ ದಪ್ಪ ಗಾಜಿನ ತುಂಡೊಂದನ್ನು ಅಡ್ಡಲಾಗಿ ಒತ್ತಿ ಹಿಡಿದೆ. ಪೈಪುಗಳು ಒಂದೇ ಸಮತಲದಲ್ಲಿದ್ದರೆ ಗಾಜು ನಾಲ್ಕು ಮೂಲೆಯಲ್ಲೂ ಕೂರಬೇಕು. ಬಲ ಮೇಲ್ಮೂಲೆಯನ್ನು ಒತ್ತಿದರೆ ಎಡ ಮೇಲ್ಮೂಲೆ ಎದ್ದು, ಅದರ ಕೆಳಗೆ 0.5ರ ಫೀಲರ್ ಸಲೀಸಾಗಿ ಹೋಯಿತು. ಬ್ರಾಕೆಟ್ಟುಗಳು ಒಂದಕ್ಕೊಂದು ತಿರುಚಿಕೊಂಡಿದ್ದವು. ಬೋಲ್ಟುಗಳನ್ನೆಲ್ಲ ಸಡಿಲಿಸಿ, ಪೈಪುಗಳನ್ನು ಕೈಯಿಂದ ತಿರುಚಿ, ಮತ್ತೆ ಗಾಜು ಇಟ್ಟು, ಮತ್ತೆ ತಿರುಚಿ, ಕೊನೆಗೆ 0.1ರ ಫೀಲರೂ ಹೋಗದಂತಾದಾಗ ಬಿಗಿದೆ. ಚಕ್ರ ಹಾಕಿದ ಮೇಲೆ ಆಕ್ಸಲ್ಲಿನ ನಟ್ಟನ್ನು ಸಡಿಲವಾಗಿಯೇ ಬಿಟ್ಟು, ಫೋರ್ಕನ್ನು ಹತ್ತಾರು ಬಾರಿ ಒತ್ತಿ, ಕಾಲುಗಳು ತಮ್ಮ ಜಾಗ ಹಿಡಿದ ಮೇಲೆ ನಟ್ಟು ಬಿಗಿದೆ.

ಹಂತ 8: ಎಣ್ಣೆ, ಸ್ಪ್ರಿಂಗು

ಹಳೆಯ ಸ್ಪ್ರಿಂಗುಗಳನ್ನೇ ಹಾಕಿ, 10ಡಬ್ಲ್ಯು ಫೋರ್ಕ್ ಆಯಿಲ್ (ಅಂಕಿ ಹೆಚ್ಚಿದಷ್ಟೂ ಎಣ್ಣೆ ದಪ್ಪ) ತುಂಬಿ ಮೊದಲು ಅಳೆದೆ: 50 ಮತ್ತು 44. ಸರಾಸರಿ ಅದೇ 47, ಆದರೆ ವ್ಯತ್ಯಾಸ 14ರಿಂದ 6ಕ್ಕೆ ಇಳಿದಿತ್ತು. ಹೊಸ ಸ್ಪ್ರಿಂಗು ಹಾಕುವ ಮೊದಲೇ ತೋಟದ ದಾರಿಯಲ್ಲಿ ಸಣ್ಣ ಕಲ್ಲುಗಳ ಏಟು ಅಂಗೈಗೆ ಬರುವುದು ಬಹುಪಾಲು ನಿಂತಿತ್ತು.

ಹಳೆಯ ಸ್ಪ್ರಿಂಗುಗಳು ಹೊಸದಕ್ಕಿಂತ ಎಡಗಡೆ 9, ಬಲಗಡೆ 5 ಮಿ.ಮೀ. ಗಿಡ್ಡವಾಗಿದ್ದವು. ಹೊಸ ಜೋಡಿ (600 ರೂಪಾಯಿ) ಹಾಕಿದಾಗ 43 ಮತ್ತು 37, ಸರಾಸರಿ 40. ಪಿವಿಸಿ ಪೈಪಿನಿಂದ 4 ಮಿ.ಮೀ. ಎತ್ತರದ ಬಳೆ ಕತ್ತರಿಸಿ, ಎರಡು ಕಡೆಯೂ ಉಕ್ಕಿನ ವಾಷರ್ ಕೊಟ್ಟು ಸ್ಪ್ರಿಂಗಿನ ಮೇಲೆ ಇಟ್ಟಾಗ 36ಕ್ಕೆ ಬಂತು. ಬಳೆಯ ಎತ್ತರದಲ್ಲಿ ವಾಷರುಗಳ ದಪ್ಪವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

10ಡಬ್ಲ್ಯುನಲ್ಲಿ ದೊಡ್ಡ ಗುಂಡಿ ದಾಟಿದ ಮೇಲೆ ಮುಂಭಾಗ ಒಂದು ಸಲ ಹೆಚ್ಚಾಗಿ ತೂಗುತ್ತಿತ್ತು. ಅದೇ ತಯಾರಕರ 20ಡಬ್ಲ್ಯುವನ್ನು ಸಮಪಾಲು ಬೆರೆಸಿದ ಮೇಲೆ ನಿಂತಿತು. ಎಣ್ಣೆಗೆ ಒಟ್ಟು 350. ಎಷ್ಟು ಮಿ.ಲೀ. ಎಂದು ಅಳೆದು ಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹಳೆಯ ಎಣ್ಣೆ ಒಳಗೆ ಎಷ್ಟು ಉಳಿದಿದೆ ಎಂಬುದು ಎರಡು ಕಾಲಿನಲ್ಲೂ ಬೇರೆ ಬೇರೆ. ಸ್ಪ್ರಿಂಗು ಇಲ್ಲದೆ ಫೋರ್ಕನ್ನು ಪೂರ್ತಿ ಒತ್ತಿ, ಪೈಪಿನ ಬಾಯಿಂದ ಎಣ್ಣೆಯ ಮೇಲ್ಮೈವರೆಗೆ ಅಳೆದು, ಹೆಚ್ಚಿನದನ್ನು ಸಿರಿಂಜಿನಿಂದ ಹೀರಿ ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು. ಆ ಮಟ್ಟವನ್ನು ಮೊದಲಿಗಿಂತ 10 ಮಿ.ಮೀ. ಏರಿಸಿದಾಗ, ಫೋರ್ಕು ಎಷ್ಟು ಇಳಿಯಿತೆಂದು ತಿಳಿಯಲು ಪೈಪಿಗೆ ಕಟ್ಟಿದ್ದ ಕೇಬಲ್ ಟೈ ಜೋರಾದ ಬ್ರೇಕಿಗೂ ತಳದಿಂದ 12 ಮಿ.ಮೀ. ಮೇಲೆ ನಿಂತಿತು.

ಈಗಿನ ಸ್ಥಿತಿ

ಎಂಜಿನ್ನಿಗೆ 4,200, ಫೋರ್ಕಿಗೆ 1,950, ಒಟ್ಟು 6,150 ರೂಪಾಯಿ. ಡಯಲ್ ಗೇಜು ಮೊದಲೇ ಇತ್ತು, ಮೈಕ್ರೋಮೀಟರು ಕೇಳಿ ತಂದದ್ದು. ಮೊದಲ 500 ಕಿ.ಮೀ. ಅರ್ಧ ಆಕ್ಸಿಲರೇಟರ್ ದಾಟದೆ ಓಡಿಸಿ, ಎಂಜಿನ್ ತಣ್ಣಗಿರುವಾಗ ಹೆಡ್ಡಿನ ನಟ್ಟುಗಳನ್ನು ಮತ್ತೆ ನೋಡಿದೆ. ಎರಡು ಸ್ವಲ್ಪ ತಿರುಗಿದವು. ಗೇರ್ ಆಯಿಲಿನ ಮಟ್ಟ ಹಾಕಿದಾಗ ಇದ್ದಲ್ಲೇ ಇದೆ. ಪ್ಲಗ್ಗಿನ ತುದಿ ಕಂದು ಬಣ್ಣಕ್ಕೆ ಬಂದಿದೆ. ಎಡ ಪೈಪಿನ ಮೇಲೆ ಮಾತ್ರ, ಕೆಸರಿನ ದಾರಿಯಲ್ಲಿ ಹೋಗಿ ಬಂದ ದಿನ, ಎಣ್ಣೆಯ ತೆಳುವಾದ ಉಂಗುರವೊಂದು ಕಾಣುತ್ತದೆ. ಎಪಾಕ್ಸಿ ತುಂಬಿದ ಒಂದು ಗುಳಿಯ ಅಂಚು ಎದ್ದಿರಬೇಕು. ಮಳೆ ನಿಂತ ಮೇಲೆ ಆ ಪೈಪು ಹಾರ್ಡ್ ಕ್ರೋಮಿಗೆ ಹೋಗುತ್ತದೆ. ಮುಂಭಾಗ ಸರಿಯಾದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರುಗಳಲ್ಲಿ ತಡೆಯೇ ಉಳಿದಿಲ್ಲವೆಂಬುದು ಎದ್ದು ಕಾಣುತ್ತಿದೆ. ಅವು ಬಿಚ್ಚಲಾಗದಂತೆ ಮುಚ್ಚಿರುವ ಬಗೆಯವು, ಆದ್ದರಿಂದ ಬದಲಿಸುವುದೊಂದೇ ದಾರಿ.